ಡ್ರೈವರಿಗೆ ವಾಂತಿ

ಹನ್ನೊಂದನೆಯ ತಿರುವಿನಲ್ಲಿ ಡ್ರೈವರಿಗೆ ವಾಂತಿ ಬರುವ ಹಾಗಾಯಿತು. ಕಾರು ಓಡಿಸುತ್ತಿದ್ದುದು ಅವರಲ್ಲ, ಅವರ ಮಗಳು. ಇದೇ ಬೆಟ್ಟದ ರಸ್ತೆಯಲ್ಲಿ ಮೂವತ್ತೆರಡು ವರ್ಷ ಬಸ್ಸು ಓಡಿಸಿ, ಒಂದು ಸೈಕಲ್ಲಿಗೂ ತಾಗಿಸದೆ ನಿವೃತ್ತರಾಗಿದ್ದ ಅವರಿಗೆ ಮಧ್ಯಾಹ್ನ ಮೂರು ಗಂಟೆಗೆ ಕಂಪನಿಯ ಮುಖ್ಯ ಕಚೇರಿಯಲ್ಲಿ ಸನ್ಮಾನವಿತ್ತು. ಕಣ್ಣು ಮಂಜಾಗಿದೆ, ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಮುಂದಿನ ಸೀಟಿನಲ್ಲಾದರೂ ಕೂರುತ್ತೇನೆಂದರೆ ಮಗಳು ಬಿಟ್ಟಿರಲಿಲ್ಲ. ಹೋದ ವಾರ ಮಾರ್ಕೆಟ್ಟಿಗೆ ಹೋಗುವಾಗ ಮುಂದೆ ಕೂತು, ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಅವರು ಕಾಲಡಿಯ ಮ್ಯಾಟು ಹರಿದು ಹಾಕಿದ್ದರು. ಹಾಗಾಗಿ ಮುಂದೆ ಹೆಂಡತಿ, ಹಿಂದೆ ಅವರು.

ಹಿಂದೆ ಕೂತವರು ಸುಮ್ಮನೆ ಕೂರಲಿಲ್ಲ. ಸನ್ಮಾನಕ್ಕೆ ಉತ್ತರವಾಗಿ ಓದಬೇಕಾದ ಭಾಷಣದ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಬಾಯಿಪಾಠ ಮಾಡುತ್ತಿದ್ದರು.

“ಅಪ್ಪಾ, ಓಡೋ ಕಾರಲ್ಲಿ ಓದ್ಬೇಡ. ಹೊಟ್ಟೆ ತೊಳಸುತ್ತೆ,” ಎಂದಳು ಮಗಳು.

“ಯಾರಿಗೆ, ನನಗಾ?”

ಹೊರಡುವ ಮೊದಲು ಹೆಂಡತಿ ಮಾತ್ರೆ ಕೊಡಲು ಬಂದಾಗಲೂ ಅವರು ಹೀಗೇ ಕೇಳಿದ್ದರು. ವಾಂತಿ ಮಾಡುವವರನ್ನು ಅವರು ಕಂಡಷ್ಟು ಯಾರೂ ಕಂಡಿರಲಿಕ್ಕಿಲ್ಲ. ಸಂಜೆ ಡಿಪೋಗೆ ಬಂದರೆ ಬಕೆಟ್ಟು ಹಿಡಿದು ಬಸ್ಸಿನ ಪಕ್ಕೆ ತೊಳೆಯುವುದು ಅವರದೇ ಕೆಲಸವಾಗಿತ್ತು. ಎಲ್ಲಾ ಮನಸ್ಸಿನ ಭ್ರಮೆ, ಗಟ್ಟಿ ಮನಸ್ಸಿದ್ದರೆ ಏನೂ ಆಗುವುದಿಲ್ಲ ಎಂದು ಪ್ರಯಾಣಿಕರಿಗೆ ಬುದ್ಧಿ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅದೇ ಬಸ್ಸಿನಲ್ಲಿ ತವರಿಗೆ ಹೊರಟ ಹೆಂಡತಿಗೂ ಹೇಳಿದ್ದರು.

ಈಗ ಅವರಿಗೆ ಮೇಲಿಂದ ಮೇಲೆ ಆಕಳಿಕೆ ಬಂತು. ಆಮೇಲೆ ಬಾಯಲ್ಲಿ ನೀರೂರಿತು. ಹಸಿವಿರಬೇಕು ಎಂದುಕೊಂಡರು. ಹಣೆ ತಣ್ಣಗೆ ಬೆವರಿದಾಗ ಹಸಿವಲ್ಲ ಎಂದು ಗೊತ್ತಾಯಿತು. “ನಿಲ್ಸು” ಎನ್ನಲು ಬಾಯಿ ತೆರೆದರು. ಮಾತು ಎರಡನೆಯದಾಗಿ ಬಂತು.

ಮಗಳು ಕಾರನ್ನು ಪಕ್ಕಕ್ಕೆ ಹಾಕಿದಳು. ಹೆಂಡತಿ ಅವಸರವಿಲ್ಲದೆ ಇಳಿದು, ಬ್ಯಾಗಿನಿಂದ ನೀರಿನ ಬಾಟಲಿ, ಟವೆಲು, ಹೆಚ್ಚಿದ ನಿಂಬೆಹಣ್ಣು, ಕೊನೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೆಗೆದರು.

“ಇನ್ನೊಂದು ಅಂಗಿ ಯಾಕೆ ತಂದೆ?”

“ಹಿಂದೆ ಕೂರೋದು ನೀವು ಅಂತ ನಿನ್ನೇನೇ ಗೊತ್ತಿತ್ತಲ್ಲ.”

ಡ್ರೈವರು ಕಾರಿನ ಬಾಗಿಲ ಮರೆಯಲ್ಲಿ ಅಂಗಿ ಬದಲಿಸುವಾಗ ಅವರ ಕಂಪನಿಯದೇ ಬಸ್ಸು ಹಾರನ್ ಹೊಡೆಯುತ್ತ ಹಾದುಹೋಯಿತು. ಅವರು ಬೆಟ್ಟದ ಕಡೆ ಮುಖ ಮಾಡಿ, ಕಲ್ಲುಗಳನ್ನು ಪರೀಕ್ಷಿಸುವವರಂತೆ ನಿಂತರು.

“ಕಿಟಕಿ ಸ್ವಲ್ಪ ತೆಗೆದಿಡಿ,” ಎಂದರು ಹೆಂಡತಿ, ಮತ್ತೆ ಕಾರು ಹತ್ತುತ್ತ. “ಪಕ್ಕದ ಮರ ನೋಡ್ಬೇಡಿ. ಎದುರಿಗೆ, ಎಷ್ಟು ದೂರ ಕಾಣುತ್ತೋ ಅಷ್ಟು ದೂರ ನೋಡ್ತಾ ಇರಿ.”

“ದೂರ ಕಾಣೋ ಹಾಗಿದ್ದಿದ್ರೆ ನಾನ್ಯಾಕೆ ಇಲ್ಲಿ ಕೂರ್ತಿದ್ದೆ? ಆ ಬಾನೆಟ್ಟಿನಾಚೆ ಎಲ್ಲಾ ಮಂಜು ನನಗೆ.”

ಇದನ್ನು ಹೆಂಡತಿ ಯೋಚಿಸಿರಲಿಲ್ಲ. ಬಲಗೈಯನ್ನು ಎರಡು ಸೀಟುಗಳ ನಡುವೆ ಎತ್ತಿ ಹಿಡಿದರು. “ಹಾಗಾದ್ರೆ ನನ್ನ ಕೈ ನೋಡಿ. ಯಾವ ಕಡೆ ವಾಲಿಸ್ತೀನೋ ಆ ಕಡೆ ತಿರುವು. ನೀವೂ ಮೊದಲೇ ಸ್ವಲ್ಪ ವಾಲಿಕೊಳ್ಳಿ.”

ಕೈ ಎಡಕ್ಕೆ ವಾಲಿತು, ಡ್ರೈವರು ವಾಲಿದರು, ಕಾರು ತಿರುಗಿತು. ಕೈ ಬಲಕ್ಕೆ ವಾಲಿತು. ಹೀಗೆ ಇನ್ನಾರು ತಿರುವು ಕಳೆಯುವ ಹೊತ್ತಿಗೆ ಹೊಟ್ಟೆ ತನ್ನ ಜಾಗಕ್ಕೆ ಬಂದಿತ್ತು. ತಿರುವು ಮೊದಲೇ ಗೊತ್ತಾದರೆ ಏನೂ ಆಗುವುದಿಲ್ಲ. ತಮಗೆ ಇಷ್ಟು ವರ್ಷ ಏನೂ ಆಗದೆ ಇದ್ದುದಕ್ಕೆ ಕಾರಣ ಗಟ್ಟಿ ಮನಸ್ಸಲ್ಲ, ಕೈಯಲ್ಲಿದ್ದ ಸ್ಟಿಯರಿಂಗು ಎಂಬುದು ಅವರಿಗೆ ನಿಧಾನವಾಗಿ ಹೊಳೆಯಿತು. ಹೊಳೆದದ್ದು ಅಷ್ಟೇನೂ ಹಿಡಿಸಲಿಲ್ಲ.

“ಇದನ್ನ ಯಾರು ಹೇಳಿಕೊಟ್ರು ನಿನಗೆ?”

“ಯಾರೂ ಇಲ್ಲ.”

“ನೀನು ಬಸ್ಸಲ್ಲಿ ವಾಂತಿ ಮಾಡೋದು ನಿಲ್ಲಿಸಿ ಎಷ್ಟು ವರ್ಷ ಆಯ್ತು?”

“ಇವಳು ಹುಟ್ಟೋಕೆ ಮುಂಚೇನೇ ನಿಂತಿತ್ತಲ್ಲ.”

“ನಾನು ಹೇಳಿದ್ಮೇಲೆ ನಿಂತಿತು ಅಂದ್ಕೊಂಡಿದ್ದೆ.”

ಹೆಂಡತಿ ಕೈಯನ್ನು ಎಡಕ್ಕೆ ವಾಲಿಸಿ, ತಿರುವು ಮುಗಿದ ಮೇಲೆ ಹೇಳಿದರು: “ನಿಮ್ಮ ಹಿಂದಿನ ಸೀಟೇ ಅಲ್ವಾ ನಂದು? ಆ ಗುಂಪಲ್ಲಿ ರಸ್ತೆ ಎಲ್ಲಿ ಕಾಣ್ಬೇಕು? ಕಾಣ್ತಿದ್ದದ್ದು ನಿಮ್ಮ ಕತ್ತೊಂದೇ. ಅಲ್ಲೊಂದು ಮಚ್ಚೆ ಇದೆ. ಬಲಕ್ಕೆ ತಿರುಗಿಸೋಕೆ ಮುಂಚೆ ಅದು ಕಾಲರ್ ಒಳಗೆ ಹೋಗುತ್ತೆ. ಎಡಕ್ಕಾದ್ರೆ ಪೂರ್ತಿ ಆಚೆ ಬರುತ್ತೆ. ಅದನ್ನೇ ನೋಡ್ತಾ ಕೂರ್ತಿದ್ದೆ.”

“ಅಪ್ಪನ ಕತ್ತಲ್ಲಿ ಮಚ್ಚೆ ಇದೆಯಾ?” ಎಂದಳು ಮಗಳು.

ಡ್ರೈವರಿಗೂ ಗೊತ್ತಿರಲಿಲ್ಲ. ಅರವತ್ತು ವರ್ಷ ಬೆನ್ನಿಗೆ ಕಟ್ಟಿಕೊಂಡೇ ಓಡಾಡಿದ ವಸ್ತುವನ್ನು ಈಗ ಹುಡುಕಬೇಕಾಗಿ ಬಂತು. ಹೊಸ ಅಂಗಿಯ ಕಾಲರ್ ಸರಿಸಿ, ಕತ್ತಿನ ಹಿಂದೆ ಬೆರಳಾಡಿಸಿದರು. ಅತ್ತ ಸವರಿದರು, ಇತ್ತ ಸವರಿದರು. ಏನೂ ಸಿಗಲಿಲ್ಲ.

ಹೆಂಡತಿಯ ಕಣ್ಣು ರಸ್ತೆಯ ಮೇಲೇ ಇತ್ತು.

“ಇನ್ನೂ ಸ್ವಲ್ಪ ಕೆಳಗೆ,” ಎಂದರು.