ಫ್ರಿಜ್ಜಿನ ಗುಂಡಿ

ಆ ಬೇಸಿಗೆಯಲ್ಲಿ ಅನ್ನಪೂರ್ಣಾಳ ಫ್ರಿಜ್ಜಿನಲ್ಲಿಟ್ಟ ಮೊಸರು ದಿನವೂ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಅವಳು ಎರಡಕ್ಕೆ ಇಳಿಸಿಟ್ಟ ತಿರುಗುಗುಂಡಿಯನ್ನು ಯಾರೋ ಏಳಕ್ಕೆ ಏರಿಸಿಡುತ್ತಿದ್ದರು. ತಣ್ಣೀರಿನ ಚಪಲದ ಗಂಡ ಗುರುಬಸಪ್ಪನ ಮೇಲೆಯೇ ಅವಳಿಗೆ ಅನುಮಾನ.

“ಗಂಟಲು ಕೆಡಿಸ್ಕೊಂಡ್ರೂ ಬುದ್ಧಿ ಬರಲಿಲ್ಲೇನ್ರೀ?”

“ನಿನ್ನಾಣಿ, ನಾ ಅದನ್ನ ಮುಟ್ಟೇ ಇಲ್ಲ.”

“ಮತ್ತ ದೆವ್ವ ಬಂದು ತಿರುವತೈತೇನು?”

ಅವನು ಮುನಿಸಿಕೊಂಡು ಮಡಕೆಯ ನೀರನ್ನೇ ಕುಡಿಯತೊಡಗಿದ. ಆದರೂ ಮೊಸರು ಕಲ್ಲಾಗುವುದು ನಿಲ್ಲಲಿಲ್ಲ. ಇದೂ ಅವನದೇ ನಾಟಕವೆಂದು ರೇಗಿದ ಅನ್ನಪೂರ್ಣ, ಗುಂಡಿಯನ್ನು ಒಂದಕ್ಕೆ ಇಳಿಸಿ, ಕಿತ್ತು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ಮಧ್ಯಾಹ್ನ, ಎಂಬತ್ತು ದಾಟಿದ ಅತ್ತೆ ಶಿವಗಂಗವ್ವ ಕೈಯಲ್ಲೊಂದು ಲೋಟ ಹಿಡಿದು ಅವಳ ಹತ್ತಿರ ಬಂದರು.

“ಆ ಗುಂಡಿ ಸ್ವಲ್ಪ ಕೊಡವ್ವ, ನನ್ನ ಐಸ್‌ಕ್ಯಾಂಡಿ ಕರಗಾಕತ್ತೈತಿ.”