ಎಲೆ ಒರೆಸುವವನು

ಇಡೀ ಗೋಕಾಕ ಮಳೆಗಾಗಿ ಬಾಯಿ ಬಾಯಿ ಬಿಡುತ್ತಿರುವಾಗ ತಾನೊಬ್ಬಳು ಅದು ಇನ್ನೊಂದು ವಾರ ತಡವಾಗಲಿ ಎಂದು ಬೇಡಿಕೊಳ್ಳುವುದು ಪಾಪವಲ್ಲವೇ ಎಂದು ಶಿವಾನಿಗೆ ಅಳುಕಾಯಿತು. ಬಾಗಿಲ ಮುಂದೆ ನೀರಿನ ಟ್ಯಾಂಕರ್ ನಿಂತಿತ್ತು. ಕಬ್ಬಿನ ಟ್ರ್ಯಾಕ್ಟರ್‌ಗಳ ಧೂಳು, ಹೊಗೆ ತಡೆಯಲೆಂದು ಓಣಿಯುದ್ದಕ್ಕೂ ಹಚ್ಚಿದ ಹೊಂಗೆ ಸಸಿಗಳಿಗೆ ಹಣಮಂತ ದಿನ ಬಿಟ್ಟು ದಿನ ನೀರು ಹಾಕುತ್ತಿದ್ದ.

"ಏನೋ ಹಣಮಂತಾ, ಉಳಿದ ಗಿಡಕ್ಕೆಲ್ಲಾ ಬರೇ ನೀರು, ಶಿವಾನಿ ಮನಿ ಮುಂದಿಂದಕ್ಕ ಅಷ್ಟ ಜಳಕಾ?" ಎದುರುಮನೆಯ ಚನ್ನವ್ವ ಕಿಚಾಯಿಸಿದಳು. ಅವನು ಕೇಳಿಸದವನಂತೆ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದ. ಎಲೆ ಹಸಿರಾದಷ್ಟೂ ಬಟ್ಟೆ ಕಪ್ಪಾಗುತ್ತಿತ್ತು. ವರ್ಷವಿಡೀ ಅವನಾಡಿದ ಮಾತಿಗೆಲ್ಲ ಶಿವಾನಿ "ಹೂಂ" ಎಂದದ್ದಷ್ಟೇ.

"ಇವತ್ತ ಕಡೀ ಪಾಳಿ ನೋಡ್ರಿ," ಎಂದ, ಬಟ್ಟೆ ಹಿಂಡುತ್ತ. "ನಾಳಿಂದ ಮಳಿ ಅಂತ. ಗಿಡಾನೂ ಬೇರು ಬಿಟ್ಟೈತಿ. ಇನ್ನ ಇಲ್ಲಿ ನನ್ನ ಕೆಲಸ ಏನೈತಿ?"

ಅವನು ಗಾಡಿ ಹತ್ತಲು ಕಾಲೆತ್ತಿದ. ಚನ್ನವ್ವ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಆದರೂ ಶಿವಾನಿ ಹೊಸ್ತಿಲು ದಾಟಿ ಕೆಳಗಿಳಿದಳು.

"ಗಿಡಕ್ಕ ನೀರು ಬ್ಯಾಡಾದ್ರೂ," ಎಂದಳು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ನೀವು ಬರ್ರಿ."