ಕೆಂಪು ಒರತೆ

ಕೂಸಿನ ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ನೀರಿನಲ್ಲಿ ಗದ್ದೆಯ ಗೊಬ್ಬರದ ನೈಟ್ರೇಟ್ ಸೇರಿರಬೇಕು, ಅದಕ್ಕೇ ಕೂಸು ನೀಲಿಗಟ್ಟಿದೆ ಎಂದು ಡಾಕ್ಟರು ಫೋನಿನಲ್ಲಿ ಹೇಳುತ್ತಲೇ ನರ್ಸ್ ವಿಮಲಾಕ್ಷಿ ಕೂಸಿನ ಅಜ್ಜಿಯತ್ತ ತಿರುಗಿದಳು.

"ಹೊಳೆದಂಡೆಯ ಆ ಕೆಂಪು ಒರತೆ ನೀರನ್ನೇ ಹಾಲಿನಪುಡಿಗೆ ಬೆರೆಸಿದ್ರಿ ಅಲ್ವಾ ಅಜ್ಜಿ? ತುಕ್ಕು ತೇಲೋ ನೀರು ಅದು!"

ವಿಮಲಾಕ್ಷಿ ಫೋನು ಹಿಡಿದೇ ಓಡಿಹೋಗಿ ಒರತೆಗೆ ನೈಟ್ರೇಟ್ ಪರೀಕ್ಷೆಯ ಪಟ್ಟಿ ಅದ್ದಿದಳು. ಬಣ್ಣ ತಿರುಗಲಿಲ್ಲವೆಂದು ಫೋನಿನಲ್ಲಿ ಹೇಳಿದಳು.

"ಹಾಗಾದ್ರೆ ಅದರಲ್ಲಿ ನೈಟ್ರೇಟ್ ಇಲ್ಲಮ್ಮ," ಎಂದರು ಡಾಕ್ಟರು. "ಕಬ್ಬಿಣದ ಮಣ್ಣು, ಅದರೊಳಗಿನ ಸೂಕ್ಷ್ಮಜೀವಿಗಳು ಸೇರಿ ಅದನ್ನ ತಿಂದುಹಾಕಿರ್ತವೆ. ಬೇರೆ ಯಾವ ನೀರು ಕುಡಿಸಿದ್ರು, ಬೇಗ ಕೇಳು!"

"ಹೇಳಿ ಅಜ್ಜಿ, ಯಾವ ನೀರು? ಯಾರು ಹೇಳ್ಕೊಟ್ಟಿದ್ದು ನಿಮಗೆ?"

ಕೂಸನ್ನೆತ್ತಿಕೊಂಡು ಹಿಂದೆಯೇ ಬಂದಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೆಂಪು ನೀರು ಕೂಸಿಗೆ ಬ್ಯಾಡ, ಗದ್ದೆ ಪಕ್ಕದ ಬಾವೀದು ತಿಳಿಯಾಗಿ ಅದೆ, ಅದನ್ನೇ ಹಾಕಿ ಅಂತ ನೀವೇ ಅಲ್ವಾ ಸಿಸ್ಟ್ರಮ್ಮ ಹೇಳಿದ್ದು?"